ಹಳೇ ಪುಟ್ಟ ಫೋನನ್ನು ಒಂದೂವರೆ ವರ್ಷ ಬಳಸಿದ ಮೇಲೆ

ಎಡಗೈ ಕಿರುಬೆರಳು ನೋಯತೊಡಗಿದಾಗ ಮೊದಲು ಕಾರಣ ಹೊಳೆಯಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು 6.7 ಇಂಚಿನ ಫೋನು. ಕವರ್ ಸೇರಿ ಕಾಲು ಕಿಲೋಗಿಂತ ಜಾಸ್ತಿ ತೂಕ. ಒಂದೇ ಕೈಯಲ್ಲಿ ಹಿಡಿದು ಓದುವಾಗ ಫೋನು ಜಾರದ ಹಾಗೆ ಕೆಳಗಿನಿಂದ ಕಿರುಬೆರಳನ್ನು ಆನಿಸಿಕೊಳ್ಳುತ್ತೇವೆ ಅಲ್ವಾ, ಭಾರವೆಲ್ಲ ಆ ಒಂದು ಬೆರಳಿನ ಮೇಲೆ. ದಿನಕ್ಕೆ ಎರಡು ಮೂರು ಗಂಟೆ, ವರ್ಷಗಟ್ಟಲೆ. ಒಂದು ವಾರ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡೇ ಬಳಸಿ ನೋಡಿದೆ. ನೋವು ಇಳಿಯಿತು. ಇನ್ನು ಚಿಕ್ಕ ಫೋನೇ ಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆದರೆ ಹೊಸದರಲ್ಲಿ ಚಿಕ್ಕ ಫೋನು ಎಲ್ಲಿದೆ? ಆಪಲ್ ತಂದದ್ದು ಎರಡೇ ಮಿನಿ. 2020ರಲ್ಲಿ ಐಫೋನ್ 12 ಮಿನಿ, 2021ರಲ್ಲಿ 13 ಮಿನಿ. 2022ರಲ್ಲಿ ಹೊಸ ಮಿನಿ ಬರಲಿಲ್ಲ, ಆ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ಏಸುಸ್‌ನ ಝೆನ್‌ಫೋನ್ 9 ಮತ್ತು 10 ಎರಡೂ 5.9 ಇಂಚಿನ ಒಳ್ಳೆಯ ಚಿಕ್ಕ ಫೋನುಗಳು. 2024ರಲ್ಲಿ ಅವರೂ 6.78 ಇಂಚಿಗೆ ಹೋದರು. ನಿಜವಾಗಿ ಚಿಕ್ಕದು ಬೇಕು ಅನ್ನುವವರು ಹಳೆಯದನ್ನೇ ಹುಡುಕಬೇಕು. ನಾನೂ ಅದನ್ನೇ ಮಾಡಿದೆ, ಎರಡು ಸಲ.

ಮೊದಲ ಸಲ ಕೊಂಡದ್ದು 2018ರ ಒಂದು ಆಂಡ್ರಾಯ್ಡ್ ಫೋನು. ಎಷ್ಟು ಚೆನ್ನಾಗಿತ್ತು ಅಂದರೆ, ಅಂಗೈಯಲ್ಲಿ ಅಡಗಿ ಕೂರುತ್ತಿತ್ತು. ಮೈ ಮೇಲೆ ಒಂದು ಗೀರಿಲ್ಲ. ಅದಕ್ಕೆ ಕಂಪನಿಯ ಸುರಕ್ಷತಾ ಅಪ್‌ಡೇಟ್ ನಿಂತು ವರ್ಷಗಳೇ ಆಗಿದ್ದವು. ನಾನು ನೋಡಿರಲಿಲ್ಲ. ನಾಲ್ಕು ತಿಂಗಳು ಸುಖವಾಗಿ ಓಡಿತು. ಆಮೇಲೆ ಒಂದು ಬೆಳಗ್ಗೆ ಬ್ಯಾಂಕಿನ ಆ್ಯಪ್ ತೆರೆದರೆ, ನಿಮ್ಮ ಆಂಡ್ರಾಯ್ಡ್ ಆವೃತ್ತಿಯಲ್ಲಿ ಇದು ಇನ್ನು ನಡೆಯುವುದಿಲ್ಲ ಅಂತ ಬಂತು. ಅದರ ಹಿಂದೆಯೇ ಇನ್ನೊಂದು ಆ್ಯಪ್. ಫೋನು ಗಟ್ಟಿಯಾಗಿಯೇ ಇತ್ತು, ಸ್ಕ್ರೀನು ಫಳಫಳ ಹೊಳೆಯುತ್ತಿತ್ತು, ಆದರೆ ದಿನದ ಕೆಲಸಕ್ಕೆ ಬರದಂತಾಯಿತು.

ಅಲ್ಲಿಂದ ಮುಂದೆ ನಾನು ಹಳೇ ಫೋನಿನ ವಯಸ್ಸನ್ನು ತಯಾರಾದ ವರ್ಷದಿಂದ ಎಣಿಸುವುದನ್ನು ಬಿಟ್ಟೆ. ಕೊನೆಯ ಅಪ್‌ಡೇಟ್‌ಗೆ ಇನ್ನೆಷ್ಟು ವರ್ಷ ಬಾಕಿ ಇದೆ, ಅದೇ ಲೆಕ್ಕ.

ಈ ಲೆಕ್ಕ ಹಿಡಿದು ನೋಡಿದರೆ ಪಟ್ಟಿ ಬೇಗ ಸಣ್ಣದಾಗುತ್ತದೆ. ಸ್ಯಾಮ್‌ಸಂಗ್ ಎಸ್10ಇ ನನಗೆ ತುಂಬ ಇಷ್ಟದ ಫೋನು. 150 ಗ್ರಾಂ, ಪಕ್ಕದಲ್ಲಿ ಫಿಂಗರ್‌ಪ್ರಿಂಟ್, ಹೆಡ್‌ಫೋನ್ ಜ್ಯಾಕ್, ಮೆಮೊರಿ ಕಾರ್ಡಿಗೆ ಜಾಗ. ಅದರ ಅಪ್‌ಡೇಟ್ 2023ರಲ್ಲಿ ಮುಗಿಯಿತು. ಗೂಗಲ್ ಪಿಕ್ಸೆಲ್ 4ಎ ಕಥೆಯೂ ಹಾಗೇ, ಅದೇ ವರ್ಷಕ್ಕೆ ಕೊನೆ. ಹಾಡು ಕೇಳುವುದಕ್ಕೆ, ಎರಡನೇ ಫೋನಾಗಿ ಇಟ್ಟುಕೊಳ್ಳುವುದಕ್ಕೆ ಎರಡೂ ಇವತ್ತಿಗೂ ಚೆನ್ನ. ಬ್ಯಾಂಕು, ಓಟಿಪಿ, ಕಚೇರಿ ಮೇಲ್ ಎಲ್ಲ ಇರುವ ಮುಖ್ಯ ಫೋನಾಗಿ ನಾನು ಕೊಳ್ಳಲಾರೆ.

ಐಫೋನ್ 13 ಮಿನಿಗೆ 2025ರಲ್ಲಿ ಬಂದ ಐಒಎಸ್ 26 (ಐಫೋನಿನ ಸಾಫ್ಟ್‌ವೇರ್ ಆವೃತ್ತಿ) ಕೂಡ ಸಿಕ್ಕಿದೆ. ಆ ಸಲ ಕೈಬಿಟ್ಟದ್ದು 2018ರ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್ ಫೋನುಗಳನ್ನು, ಅಂದರೆ ಏಳು ವರ್ಷ ಹಳೆಯವನ್ನು. 2015ರ 6ಎಸ್‌ಗೂ ಹೊಸ ಐಒಎಸ್ ಬರುವುದು ನಿಂತದ್ದು 2022ರಲ್ಲಿ, ಅಲ್ಲೂ ಏಳೇ. ಇದೇ ಅಳತೆ ಹಿಡಿದರೆ 2021ರ 13 ಮಿನಿಗೆ ಇನ್ನೂ ದಾರಿ ಇದೆ. 2024ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು ಅದನ್ನೇ.

ಸೈಜಿನ ಬಗ್ಗೆ ಒಂದು ಮಾತು. ಸ್ಕ್ರೀನು ಎಷ್ಟು ಇಂಚು ಅನ್ನುವುದನ್ನು ನೋಡಿ ಮೋಸ ಹೋಗಬೇಡಿ, ಅಗಲ ಎಷ್ಟು ಮಿಲಿಮೀಟರ್ ಅಂತ ನೋಡಿ. 2022ರ ಐಫೋನ್ ಎಸ್‌ಇಗೆ ಸ್ಕ್ರೀನು 4.7 ಇಂಚು, ಅಗಲ 67.3 ಮಿಮೀ. 13 ಮಿನಿಗೆ ಸ್ಕ್ರೀನು 5.4 ಇಂಚು, ಆದರೆ ಅಗಲ 64.2 ಮಿಮೀ ಮಾತ್ರ! ಮಾಮೂಲಿ ಐಫೋನ್ 13 ಅಗಲ 71.5, ಪ್ರೋ ಮ್ಯಾಕ್ಸ್ 78.1. ಈ ಏಳೆಂಟು ಮಿಲಿಮೀಟರ್ ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಕೈಯಲ್ಲಿ ಹಿಡಿದು ಹೆಬ್ಬೆರಳನ್ನು ಆಚೆ ಅಂಚಿಗೆ ಚಾಚಿದಾಗ ಗೊತ್ತಾಗುತ್ತದೆ. ಒಂದರಲ್ಲಿ ಬೆರಳು ಮುಟ್ಟುತ್ತದೆ, ಇನ್ನೊಂದರಲ್ಲಿ ಹಿಡಿತ ಸಡಿಲಿಸಿ ಫೋನನ್ನೇ ಜರುಗಿಸಬೇಕು. ಫೋನು ಕೈಜಾರಿ ಬೀಳುವುದು ಆ ಕ್ಷಣದಲ್ಲೇ.

ಕೊಳ್ಳುವ ಮುಂಚೆ ನಾನು ಅರ್ಧ ಗಂಟೆ ತೆಗೆದುಕೊಂಡೆ. ಮಾರುವವರು ಆತುರ ಮಾಡಿದರೆ ಸುಮ್ನೆ ಎದ್ದು ಬರುವುದೇ ಒಳ್ಳೆಯದು. ಮೊದಲು *#06# ಒತ್ತಿ ಐಎಂಇಐ ನಂಬರ್ (ಒಂದೊಂದು ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ನೋಡಿ, ಬಿಲ್ಲು ಮತ್ತು ಡಬ್ಬದ ಮೇಲಿನ ನಂಬರಿಗೆ ತಾಳೆ ಹಾಕಿದೆ. ಹಳೇ ಮಾಲೀಕರ ಅಕೌಂಟ್ ತೆಗೆಸಿ, ಫೋನನ್ನು ನನ್ನೆದುರೇ ರೀಸೆಟ್ ಮಾಡಿಸಿ, ನನ್ನ ಅಕೌಂಟ್ ಹಾಕಿದ ಮೇಲೆಯೇ ಹಣದ ಮಾತು. ಹಳೇ ಅಕೌಂಟಿನ ಲಾಕ್ ಉಳಿದುಬಿಟ್ಟರೆ ಫೋನು ಬರೀ ಗಾಜಿನ ಬಿಲ್ಲೆ, ಆಂಡ್ರಾಯ್ಡ್ ಆದರೂ ಅಷ್ಟೇ. ಒಂದು ಐಕಾನನ್ನು ಒತ್ತಿ ಹಿಡಿದು ಸ್ಕ್ರೀನಿನ ಮೂಲೆ ಮೂಲೆಗೂ ಎಳೆದುಕೊಂಡು ಹೋದೆ. ಟಚ್ ಸತ್ತಿರುವ ಜಾಗವಿದ್ದರೆ ಐಕಾನ್ ಅಲ್ಲೇ ಕೈಬಿಡುತ್ತದೆ. ಬೂದು ಬಣ್ಣದ ಚಿತ್ರವನ್ನು ಪೂರ್ತಿ ಸ್ಕ್ರೀನಿಗೆ ಹಾಕಿ ಹಳೇ ಅಕ್ಷರಗಳ ನೆರಳು ಉಳಿದಿದೆಯಾ ನೋಡಿದೆ, ಓಎಲ್‌ಇಡಿ ಸ್ಕ್ರೀನಿಗೆ ಆ ಕಾಯಿಲೆ ಬರುತ್ತದೆ. ನನ್ನ ಸಿಮ್ ಹಾಕಿ ಒಂದು ಕರೆ ಮಾಡಿದೆ. ಇದನ್ನು ತುಂಬ ಜನ ಬಿಡುತ್ತಾರೆ. 2ಜಿ, 3ಜಿ ಎರಡೂ ಇಲ್ಲದ ಕಡೆ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಹೋಗುವ ವ್ಯವಸ್ಥೆ, ಬೇಕೇ ಬೇಕು. ಬೇರೆ ದೇಶಕ್ಕೆಂದು ಮಾಡಿದ ಕೆಲವು ಫೋನುಗಳಲ್ಲಿ ಇಂಟರ್‌ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ.

ಐಫೋನಿನಲ್ಲಿ ಇನ್ನೊಂದು ಅನುಕೂಲ ಇದೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್. ಬ್ಯಾಟರಿ, ಸ್ಕ್ರೀನು, ಕ್ಯಾಮೆರಾ ಬದಲಾಗಿದ್ದರೆ ಅದು ಅಸಲಿ ಭಾಗವೋ ಅಲ್ಲವೋ ಅಂತ 12 ಮತ್ತು ಆಮೇಲಿನ ಮಾಡೆಲ್‌ಗಳಲ್ಲಿ ಅಲ್ಲೇ ಬರೆದಿರುತ್ತದೆ.

ಈಗ ಬ್ಯಾಟರಿ. ಇಡೀ ವ್ಯವಹಾರದ ಜೀವ ಇರುವುದು ಇಲ್ಲೇ. ನಾನು ಕೊಂಡಾಗ ಬ್ಯಾಟರಿ ಹೆಲ್ತ್, ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಈಗ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ, 81 ಅಂತ ತೋರಿಸುತ್ತಿತ್ತು. ನೂರಕ್ಕೆ ಎಂಬತ್ತೊಂದು ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. 5,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಇರುವ ದೊಡ್ಡ ಫೋನಿನಲ್ಲಿ ಅಷ್ಟು ಕಳೆದರೂ 4,050 ಉಳಿಯುತ್ತದೆ, ದಿನ ಕಳೆಯುತ್ತದೆ. ಮಿನಿಯಲ್ಲಿ ಹೊಸದಿದ್ದಾಗಲೇ ಇರುವುದು ಸುಮಾರು 2,400. ಅದರಲ್ಲಿ 81 ಅಂದರೆ 1,950ರ ಹತ್ತಿರ. ಮಧ್ಯಾಹ್ನ ಮೂರು ಗಂಟೆಗೆಲ್ಲ ಚಾರ್ಜರ್ ಹುಡುಕಬೇಕಾಗುತ್ತಿತ್ತು.

ಒಂದು ಚಳಿಯ ಬೆಳಗ್ಗೆ ವಿಡಿಯೊ ತೆಗೆಯುತ್ತಿದ್ದೆ, 31 ಪರ್ಸೆಂಟ್ ಇತ್ತು. ಫಕ್ಕನೆ ಆಫ್ ಆಯಿತು. ಚಾರ್ಜಿಗೆ ಹಾಕಿ ಆನ್ ಮಾಡಿದರೆ 28 ತೋರಿಸಿತು. ಹಾಗಾದರೆ ಚಾರ್ಜ್ ಇತ್ತು, ಫೋನು ಯಾಕೆ ಆರಿತು? ಯಾವ ಕಂಪನಿಯ ಲಿಥಿಯಂ ಬ್ಯಾಟರಿಯಾದರೂ ಹಳೆಯದಾದಂತೆ ಅದರ ಒಳಗಿನ ತಡೆ ಜಾಸ್ತಿಯಾಗುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಕ್ಯಾಮೆರಾ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಒಳಗೆ ಚಾರ್ಜ್ ಇದ್ದರೂ ಫೋನಿಗೆ ಅದು ಸಿಗುವುದಿಲ್ಲ.

ಮಾರನೇ ವಾರವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಅಸಲಿ ಬ್ಯಾಟರಿ ಹಾಕಿಸಿದೆ. ಬೆಳಗ್ಗೆ ಕೊಟ್ಟೆ, ಸಂಜೆ ಕೈಗೆ ಬಂತು. ಮನೆಯಲ್ಲೇ ಬಿಚ್ಚುವ ಯೋಚನೆ ಬಂದಿತ್ತು, ಬಿಟ್ಟೆ. ಬ್ಯಾಟರಿಯನ್ನು ಅಂಟಿನ ಪಟ್ಟಿಯಲ್ಲಿ ಕೂರಿಸಿರುತ್ತಾರೆ, ಪಟ್ಟಿ ತುಂಡಾದರೆ ಮೀಟಿ ಎಬ್ಬಿಸಬೇಕು, ಮೀಟುವಾಗ ಚುಚ್ಚಿದರೆ ಬೆಂಕಿ. ಹೊಸ ಬ್ಯಾಟರಿ ಬಂದ ಮೇಲೆ ಫೋನೇ ಬೇರೆ ಥರ ಆಯಿತು. ಬೆಳಗ್ಗೆ ಏಳಕ್ಕೆ ತೆಗೆದರೆ ರಾತ್ರಿ ಒಂಬತ್ತರ ತನಕ ಬರುತ್ತದೆ, ನನ್ನ ಬಳಕೆ ಕರೆ, ಮೆಸೇಜು, ಓದು, ಒಂದಷ್ಟು ಫೋಟೊ. ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಓಡಾಡಿದ ದಿನ ಬರುವುದಿಲ್ಲ. ಅಂಥ ದಿನಕ್ಕೆ ಚೀಲದಲ್ಲಿ ಪುಟ್ಟ ಪವರ್ ಬ್ಯಾಂಕ್ ಇರುತ್ತದೆ. ಹಾಗಾಗಿ ನನ್ನ ಪ್ರಕಾರ ಹಳೇ ಚಿಕ್ಕ ಫೋನಿನ ಬೆಲೆ ಅಂದರೆ ಫೋನು ಮತ್ತು ಹೊಸ ಬ್ಯಾಟರಿ ಎರಡೂ ಸೇರಿ. ಅಷ್ಟಕ್ಕೆ ಹೊಂದುವುದಾದರೆ ಮಾತ್ರ ಮುಂದುವರಿಯಿರಿ.

ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳ ಬ್ಯಾಟರಿ 500 ಪೂರ್ತಿ ಚಾರ್ಜಿನ ತನಕ 80 ಪರ್ಸೆಂಟ್ ಉಳಿಸಿಕೊಳ್ಳುವಂತೆ ಮಾಡಿದ್ದು ಅಂತ ಆಪಲ್ ಹೇಳುತ್ತದೆ. ಚಿಕ್ಕ ಬ್ಯಾಟರಿಗೆ ದಿನವೂ ಒಂದು ಪೂರ್ತಿ ಚಾರ್ಜ್ ಬೀಳುವುದರಿಂದ ಆ 500 ಬೇಗ ಬರುತ್ತದೆ. ನಾನು ರಾತ್ರಿ ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದಿಲ್ಲ, ಕಾರಿನ ಗಾಜಿನ ಹತ್ತಿರ ಬಿಸಿಲಿಗೆ ಇಡುವುದಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ಶಾಖ.

ನಡುವೆ ಒಮ್ಮೆ ಚಾರ್ಜ್ ಆಗುವುದೇ ನಿಂತಿತ್ತು. ಕೇಬಲ್ ಹಾಕಿದರೆ ಪೂರ್ತಿ ಒಳಗೆ ಹೋಗದೆ ಕೂದಲೆಳೆಯಷ್ಟು ಹೊರಗೇ ಉಳಿಯುತ್ತಿತ್ತು. ಫೋನು ಆಫ್ ಮಾಡಿ, ಹಲ್ಲುಕಡ್ಡಿಯಿಂದ ಪೋರ್ಟಿನ ತಳವನ್ನು ನಿಧಾನಕ್ಕೆ ಕೆದಕಿದೆ. ಜೇಬಿನ ನಾರು ಗಟ್ಟಿಯಾಗಿ, ಒತ್ತಿಟ್ಟ ಹತ್ತಿಯ ಹಾಗೆ, ಒಂದು ತುಂಡು ಎದ್ದು ಬಂತು. ಮತ್ತೆ ಕೇಬಲ್ ಹಾಕಿದಾಗ ಟಕ್ ಅಂತ ಕೂತಿತು. ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಪೋರ್ಟ್ ಹೋಗಿದೆ ಅಂದರೆ ಮೊದಲು ಇದನ್ನು ನೋಡಿ. ಪಿನ್ನು, ಸೂಜಿ ಮಾತ್ರ ಬೇಡ.

ಎಲ್ಲರಿಗೂ ಇದನ್ನೇ ಕೊಳ್ಳಿ ಅನ್ನಲಾರೆ. ಓದುವ ಕನ್ನಡಕ ಬಂದವರಿಗೆ 5.4 ಇಂಚು ಕಷ್ಟ. ಅಕ್ಷರ ದೊಡ್ಡದು ಮಾಡಿದರೆ ಒಂದು ಪರದೆಗೆ ನಾಲ್ಕು ಸಾಲು ಹಿಡಿಯುತ್ತದೆ, ಓದಿದ ಹಾಗೇ ಆಗುವುದಿಲ್ಲ. ನನ್ನ ಅಕ್ಕ ಎರಡು ದಿನ ಬಳಸಿ ವಾಪಸ್ ಕೊಟ್ಟಳು. ಕನ್ನಡ ಕೀಲಿಮಣೆಯಲ್ಲಿ ಕೀಲಿಗಳು ಕಿರಿದಾಗಿ ಪಕ್ಕದ ಅಕ್ಷರ ಬೀಳುತ್ತದೆ. ಬೆರಳಿಗೆ ಅಭ್ಯಾಸವಾಗಲು ನನಗೆ ಒಂದು ತಿಂಗಳು ಹಿಡಿಯಿತು. 4 ಜಿಬಿ ರ್‍ಯಾಮ್ ಆದ್ದರಿಂದ ಕ್ಯಾಮೆರಾಕ್ಕೆ ಹೋಗಿ ಬಂದರೆ ಓದುತ್ತಿದ್ದ ಪುಟ ಕೆಲವೊಮ್ಮೆ ಮತ್ತೆ ಲೋಡ್ ಆಗುತ್ತದೆ. ಆಟ ಆಡುವವರು, ದಿನವಿಡೀ ವಿಡಿಯೊ ನೋಡುವವರು ಈ ಕಡೆ ಬರುವುದೇ ಬೇಡ. ನೀರಿಗೆ ತಡೆಯುತ್ತದೆ ಅನ್ನುವ ನಂಬಿಕೆಯನ್ನೂ ಬಿಡಿ. ಒಮ್ಮೆ ಬಿಚ್ಚಿ ಮುಚ್ಚಿದ, ನಾಲ್ಕೈದು ವರ್ಷ ಹಳೆಯ ಫೋನಿನ ಸೀಲು ಹೇಗಿದೆಯೋ ಯಾರು ಕಂಡರು.

ಆಂಡ್ರಾಯ್ಡೇ ಬೇಕು ಅನ್ನುವವರಿಗೆ ನಾನು ಸ್ಯಾಮ್‌ಸಂಗ್ ಎಸ್24 ಅಥವಾ ಎಸ್25 ನೋಡಿ ಅನ್ನುತ್ತೇನೆ. ಅಗಲ 70.5 ಮಿಮೀ ಆಸುಪಾಸು, ಮಿನಿಯಷ್ಟು ಚಿಕ್ಕದಲ್ಲ, ಆದರೆ ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಕಂಪನಿಯೇ ಹೇಳಿದೆ. ಸೆಕೆಂಡ್ ಹ್ಯಾಂಡ್ ಕೊಂಡರೂ ತುಂಬ ವರ್ಷ ಬಾಕಿ ಇರುತ್ತದೆ.

ನನ್ನ ಮಿನಿಯ ಬ್ಯಾಟರಿ ಹೆಲ್ತ್ ಈಗ 91. ಅದು 80ರ ಹತ್ತಿರ ಬಂದಾಗ ಇನ್ನೂ ಅಪ್‌ಡೇಟ್ ಬರುತ್ತಿದ್ದರೆ ಮತ್ತೊಂದು ಬ್ಯಾಟರಿ ಹಾಕಿಸುತ್ತೇನೆ. ಅಪ್‌ಡೇಟ್ ನಿಂತಿದ್ದರೆ ಬ್ಯಾಂಕಿನ ಆ್ಯಪ್‌ಗಳನ್ನೆಲ್ಲ ಬೇರೆ ಫೋನಿಗೆ ಸಾಗಿಸಿ, ಇದನ್ನು ಓದುವುದಕ್ಕೆ ಇಟ್ಟುಕೊಳ್ಳುತ್ತೇನೆ.