ಬೋರ್ ಮಾಡಿಸೋದಾ, ಇಂಜಿನ್ನೇ ಬದಲಾಯಿಸೋದಾ?

ಬೋರ್ ಮಾಡಿಸೋದು ಅಂದ್ರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕಿಸೋದು. ನನ್ನದು ಹಳೇ ಟಾಟಾ 1613 ಲಾರಿ. ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಇಂಜಿನ್. ದಾವಣಗೆರೆಯಿಂದ ಮಂಗಳೂರಿಗೆ ಮೆಕ್ಕೆಜೋಳ, ವಾಪಸ್ ಬರುವಾಗ ಗೊಬ್ಬರ. ಒಂದು ಸಲ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುವಾಗ ಕನ್ನಡಿಯಲ್ಲಿ ನೀಲಿ ಹೊಗೆ ಕಾಣಿಸಿತು, ಆಯಿಲ್ ಉರಿಯುವ ಗುರುತು. ಗ್ಯಾರೇಜಿನವರು ನೋಡಿದ ಕೂಡಲೇ "ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಇಳಿಸಿ" ಅಂದರು. ನಾನು ಇಳಿಸಲಿಲ್ಲ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಹೋಸ್ ಬಿಚ್ಚಿದರೆ ಆಯಿಲ್ ಸುರಿಯಿತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಲೊಡಲೊಡ. ಟರ್ಬೊ ರಿಪೇರಿಯಲ್ಲೇ ಕೆಲಸ ಮುಗಿಯಿತು.

ಅದಕ್ಕೇ ಹೇಳೋದು, ಸುಮ್ನೆ ಇಂಜಿನ್ ಬಿಚ್ಚಬೇಡಿ. ಕಪ್ಪು ಹೊಗೆ ಅಂದ್ರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಚಿಮ್ಮಿಸುವ ನಾಝಲ್, ಡೀಸೆಲ್ ಪಂಪ್ ನೋಡಿಸಿ. ಆಯಿಲ್ ಕುಡಿಯುತ್ತಿದ್ದರೆ ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿ ಮೇಲೆ ಬೋರಲು ಇಡಿ. ಸ್ವಲ್ಪ ಕುಣಿದರೆ ಚಿಂತೆಯಿಲ್ಲ. ಎಗರಿ ಬಿದ್ದು, ಒಳಗಿಂದ ಹೊಗೆ ಬುಸುಬುಸು ಬಂದರೆ ಅದು ಬ್ಯಾಕ್ ಕಂಪ್ರೆಷನ್, ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಆಗ ಬಿಚ್ಚಲೇಬೇಕು.

ಬಿಚ್ಚಿದ ಮೇಲೆ ಮಾತು ಕೇಳಬೇಡಿ, ಅಳತೆ ಕೇಳಿ. ಈ ಇಂಜಿನ್ನಿಗೆ ಲೈನರ್, ಅಂದ್ರೆ ಬದಲಾಯಿಸಬಹುದಾದ ಒಳಕೊಳವೆ ಇಲ್ಲ, ಪಿಸ್ಟನ್ ಓಡುವುದು ಬ್ಲಾಕಿನಲ್ಲೇ. ಕಂಪನಿ ಬೋರ್ (ಸಿಲಿಂಡರಿನ ಒಳ ಅಗಲ) 102 ಮಿ.ಮೀ. ಅರ್ಧ ಮಿ.ಮೀ. ಒಂದು ಸಲ, ಒಟ್ಟು ಒಂದು ಮಿ.ಮೀ. ಆಗುವಂತೆ ಇನ್ನೊಂದು ಸಲ, ಅಷ್ಟೇ. ಆಮೇಲೆ ಸ್ಲೀವ್ (ಹೊಸ ಒಳಕೊಳವೆ) ಹೊಡೆಸಬಹುದು, ಆದ್ರೆ ಅಷ್ಟೊತ್ತಿಗೆ ಪಿಸ್ಟನ್ನುಗಳ ಕೆಳಗೆ ತಿರುಗುವ ಕ್ರ್ಯಾಂಕ್ ಕೂಡ ಕಾಲು ಕಾಲು ಮಿ.ಮೀ. ಅಂತ ಅರೆದು ಅರೆದು ಸವೆದಿರುತ್ತದೆ. ಬ್ಲಾಕ್, ಕ್ರ್ಯಾಂಕ್ ಎರಡರಲ್ಲೂ ಅಳತೆ ಉಳಿದಿದ್ದರೆ ಬೋರ್ ಮಾಡಿಸಿ. ಕ್ರ್ಯಾಂಕ್ ಕೊನೇ ಸೈಜಿಗೆ ಬಂದಿದ್ದರೆ, ಬ್ಲಾಕ್ ಬಿರುಕು ಬಿಟ್ಟಿದ್ದರೆ ನಾನಂತೂ ಹಾಫ್ ಇಂಜಿನ್, ಅಂದ್ರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇರುವ ಕೆಳಭಾಗ ಹುಡುಕುತ್ತೇನೆ. ಹೆಡ್, ಪಂಪ್, ಟರ್ಬೊ ನಮ್ಮದನ್ನೇ ಕೂರಿಸಬಹುದು, ಖರ್ಚು ಉಳಿಯುತ್ತದೆ.

ಹಳೇ ಇಂಜಿನ್ ತರುವಾಗ ಬಿಲ್ ಇಲ್ಲದ ಮಾಲು ಮುಟ್ಟಬೇಡಿ. ಬ್ಲಾಕ್ ಬದಲಾದರೆ ಇಂಜಿನ್ ನಂಬರೂ ಬದಲಾಗುತ್ತದೆ. ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕು. ನಮ್ಮ ಸ್ಟ್ಯಾಂಡಿನ ಒಬ್ಬರು ಇದನ್ನು ಬಿಟ್ಟು ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟಿಗೆ) ಹೋದರು. ನಂಬರ್ ತಾಳೆಯಾಗಲಿಲ್ಲ. ಬಿಲ್ ಹುಡುಕೋದರಲ್ಲೇ ಒಂದು ತಿಂಗಳು ಗಾಡಿ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ.

ದೊಡ್ಡ ಪವರಿನ ಇಂಜಿನ್ ಕೂರಿಸುವ ಆಸೆ ಎಲ್ಲರಿಗೂ ಬರುತ್ತೆ ಅಲ್ವಾ? ನನಗೂ ಬಂದಿತ್ತು. ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಚಕ್ರ ತಿರುಗಿಸುವ ಕ್ರೌನ್, ರೇಡಿಯೇಟರ್ ಎಲ್ಲ ಹಳೇ ತಾಕತ್ತಿನವೇ. ಇಂಜಿನ್ ಎಳೆದರೂ ಕ್ರೌನ್ ತಡೆಯಬೇಕಲ್ಲ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷವರ್ಷವೂ ಆಗಬೇಕು. ಚಾಸಿಗೆ ತುಕ್ಕು ಹಿಡಿದಿದ್ದರೆ ಅಂಥ ಗಾಡಿಗೆ ಯಾವ ಇಂಜಿನ್ನೂ ಬೇಡ, ಮಾರಿಬಿಡಿ.

ಟರ್ಬೊ ಆದ ಮೇಲೆ ಹೋದ ವರ್ಷ ನನ್ನ ಗಾಡಿಗೂ ಬೋರ್ ಸರದಿ ಬಂತು. ಅರ್ಧ ಮಿ.ಮೀ. ಹೋಗಿದೆ, ಇನ್ನೊಂದು ಸಲ ಉಳಿದಿದೆ. ಬೋರ್ ಅಳತೆ, ಕ್ರ್ಯಾಂಕ್ ಅಳತೆ, ತಾರೀಖು ಮೂರನ್ನೂ ಕ್ಯಾಬಿನ್ ಬಾಗಿಲಿನ ಒಳಗೆ ಬಿಳಿ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ.