ಟಿ.ವಿ. ಕೊಳ್ಳಲು ಹೊರಟಿರಾ? ಜೇಬಿನಲ್ಲೊಂದು ಪೆನ್‌ಡ್ರೈವ್ ಇರಲಿ

ಗೌರಿ ಹಬ್ಬದಿಂದ ದೀಪಾವಳಿವರೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೆಂಟರು, ಅಕ್ಕಪಕ್ಕದವರು ಟಿ.ವಿ. ತರಲು ಹೊರಟಾಗ ನನ್ನನ್ನೂ ಕರೆಯುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಗೋಡೆಯುದ್ದಕ್ಕೂ ಉರಿಯುತ್ತಿರುವ ಪರದೆಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವುದಕ್ಕೆ ಬೆರಳು ತೋರಿಸಿಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಫೋನ್ ಬರುತ್ತದೆ: ‘ಅಂಗಡೀಲಿ ಎಷ್ಟು ಚೆನ್ನಾಗಿತ್ತು, ಮನೆಗೆ ತಂದ್ಮೇಲೆ ಧಾರಾವಾಹಿಯವರ ಮುಖವೆಲ್ಲ ಅರಿಶಿನ ಬಳಿದ ಹಾಗೆ ಕಾಣ್ತಿದೆ!’

ಅಂಗಡಿಯಲ್ಲಿ ಓಡುತ್ತಿರುವ ಚಿತ್ರವನ್ನು ಆರಿಸಿದವರು ಮಾರುವವರು. ಅದೇ ಪರದೆಯಲ್ಲಿ ನಮ್ಮ ಚಿತ್ರ ಹಾಕಿ ನೋಡುವುದನ್ನು ನಾವು ಕಲಿಯಬೇಕು. ಈ ಲೇಖನದ ಬಹುಪಾಲು ಅದಕ್ಕೇ ಮೀಸಲು. ಅದಕ್ಕೆ ಮೊದಲು ಮನೆಯಲ್ಲಿ ಮುಗಿಸಬೇಕಾದ ಎರಡು ಕೆಲಸಗಳಿವೆ.

ಗೋಡೆ ಅಳೆಯಿರಿ

ಟಿ.ವಿ.ಯ ಇಂಚು ಎಂದರೆ ಪರದೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದ ಅಳತೆ. 43 ಇಂಚಿನದು ಸುಮಾರು 95 ಸೆಂ.ಮೀ. ಅಗಲವಿರುತ್ತದೆ, 55 ಇಂಚಿನದು 122, 65 ಇಂಚಿನದು 144 ಸೆಂ.ಮೀ. ಆ ಅಳತೆಗೆ ಹಳೆಯ ಪೇಪರ್ ಹಾಳೆಗಳನ್ನು ಜೋಡಿಸಿ ಗೋಡೆಗೆ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಕಿಟಕಿ ಬಾಗಿಲು ತೆರೆಯಲು ಅಡ್ಡಿಯೇ, ಷೋಕೇಸಿನ ಗೂಡಿನೊಳಗೆ ಕೂರುತ್ತದೆಯೇ ಎಂಬುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ. ಡಬ್ಬಾ ಟಿ.ವಿ. ಕಾಲದಲ್ಲಿ ಕಟ್ಟಿಸಿದ ಗೂಡುಗಳಲ್ಲಿ 43 ಇಂಚು ಕೂರುವುದು ಅಪರೂಪ. ಮೇಜಿನ ಮೇಲೆ ಇಡುವವರು ಎರಡು ಕಾಲುಗಳ ನಡುವಿನ ಅಂತರವನ್ನೂ ಕೇಳಿ ತಿಳಿದುಕೊಳ್ಳಿ. ಈಗಿನ ಹಲವು ಮಾದರಿಗಳಲ್ಲಿ ಕಾಲುಗಳು ಪರದೆಯ ಎರಡು ತುದಿಗೇ ಇರುತ್ತವೆ.

ದೂರದ ಲೆಕ್ಕ ಸುಲಭ. ಸೋಫಾದಲ್ಲಿ ಒರಗಿ ಕೂತಾಗ ಕಣ್ಣಿನಿಂದ ಗೋಡೆಗೆ ಎಷ್ಟು ಇಂಚು ಅಳೆಯಿರಿ. ಕೇಬಲ್ ಅಥವಾ ಡಿಶ್ ಚಾನೆಲ್ ಹೆಚ್ಚು ನೋಡುವ ಮನೆಯಾದರೆ ಅದರ ಅರ್ಧ ಮಾಡಿ. ಎಂಟು ಅಡಿ ಎಂದರೆ 96 ಇಂಚು, ಅರ್ಧ 48. ಹಾಗಾಗಿ 43 ಅಥವಾ 50 ಇಂಚು ಸಾಕು. ಬರೀ ಒಟಿಟಿಯಲ್ಲಿ 4ಕೆ ನೋಡುವವರು ಒಂದೂವರೆಯಿಂದ ಭಾಗಿಸಬಹುದು, ಆಗ ಅದೇ ಹಾಲ್‌ಗೆ 65 ಇಂಚೂ ಒಪ್ಪುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಎಸ್‌ಡಿ (ಎಚ್‌ಡಿ ಅಲ್ಲದ, ಮಾಮೂಲಿ ಗುಣಮಟ್ಟದ) ಚಾನೆಲ್ಲಿನ ಚಿತ್ರದಲ್ಲಿರುವುದು 576 ಗೆರೆಗಳು. 4ಕೆ ಪರದೆಯಲ್ಲಿ 2,160 ಗೆರೆಗಳಿವೆ. ಇಲ್ಲದ ಗೆರೆಗಳನ್ನು ಟಿ.ವಿ.ಯೇ ಊಹಿಸಿ ತುಂಬಬೇಕು. ಪರದೆ ದೊಡ್ಡದಾದಷ್ಟೂ ಆ ಊಹೆಯ ಮಸುಕು ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಟಿ.ವಿ. ತಂದು ಹಳೆಯ ಎಸ್‌ಡಿ ಸೆಟ್‌ಟಾಪ್ ಬಾಕ್ಸನ್ನೇ ಸಿಕ್ಕಿಸುವವರು ಮೊದಲು ಬಾಕ್ಸ್ ಬದಲಾಯಿಸಿ. ಹೊಸದು ಬಂದ ಮೇಲೂ ಹಳೆಯ ಕೆಂಪು-ಬಿಳಿ-ಹಳದಿ ವೈರ್ ಬೇಡ, ಎಚ್‌ಡಿಎಂಐ ಕೇಬಲ್ಲೇ ಹಾಕಿ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಉಳಿದ ಹಣದಲ್ಲಿ ಇನ್ನೊಂದು ಸೈಜ್ ದೊಡ್ಡದು ತರೋಣ ಎನ್ನುವವರೇ ಹೆಚ್ಚು. ಅದನ್ನು ಪರದೆಯ ಗುಣಮಟ್ಟಕ್ಕೆ ಹಾಕಿ ಎಂಬುದು ನನ್ನ ಸಲಹೆ. ಸಾಧಾರಣ 55 ಇಂಚಿಗಿಂತ ಒಳ್ಳೆಯ 43 ಇಂಚಿನ ಟಿ.ವಿ. ಹತ್ತು ಪಾಲು ಲೇಸು.

ಪೆನ್‌ಡ್ರೈವ್ ತುಂಬಿಸಿ

ಇದು ಹತ್ತು ನಿಮಿಷದ ಕೆಲಸ. ನಿಮ್ಮ ಫೋನಿನಲ್ಲೇ ತೆಗೆದ ನಾಲ್ಕು ಚಿಕ್ಕ ವಿಡಿಯೊ ಸಾಕು: ಹಗಲು ಬೆಳಕಿನಲ್ಲಿ ಮನೆಯವರ ಮುಖ, ರಾತ್ರಿ ಹೊತ್ತಿನ ದೃಶ್ಯ, ಹುಡುಗರು ಮೈದಾನದಲ್ಲಿ ಓಡಾಡುವುದು, ಬಣ್ಣದ ಸೀರೆಗಳಿರುವ ಮದುವೆ. ಇಂಟರ್‌ನೆಟ್‌ನಲ್ಲಿ ಸಿಗುವ ‘4ಕೆ ಡೆಮೊ’ ವಿಡಿಯೊ ಹಾಕಿಕೊಂಡು ಹೋಗಬೇಡಿ. ಗಿಳಿ, ಹೂವು, ವಿದೇಶದ ಸಮುದ್ರ ಎಲ್ಲ ಟಿ.ವಿ.ಯಲ್ಲೂ ಸುಂದರವೇ, ಅವುಗಳ ನಿಜ ಬಣ್ಣ ಯಾವುದೆಂದು ನಮಗೆ ಗೊತ್ತಿಲ್ಲ. ಅಮ್ಮನ ಮುಖದ ಬಣ್ಣ ಗೊತ್ತು. ಅವರುಟ್ಟ ಇಳಕಲ್ ಸೀರೆಯ ಸೆರಗಿನ ಕೆಂಪು ಗೊತ್ತು.

ಅಂಗಡಿಯಲ್ಲಿ

ಮೊದಲು ರಿಮೋಟ್ ಕೈಗೆ ತೆಗೆದುಕೊಳ್ಳಿ. ‘ಸರ್, ನಾನೇ ತೋರಿಸ್ತೀನಿ’ ಎಂದು ಹುಡುಗ ಮುಂದೆ ಬರುತ್ತಾನೆ. ಒಳ್ಳೆಯ ಮಾತಿನಲ್ಲೇ ಕೇಳಿ ಪಡೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಮೋಡ್‌ಗೆ ಹೋದರೆ ‘ವಿವಿಡ್’ ಅಥವಾ ‘ಡೈನಮಿಕ್’ ಎಂದಿರುತ್ತದೆ. ಅರಿಶಿನದ ಮುಖಗಳ ಮೂಲ ಅದೇ. ಟ್ಯೂಬ್‌ಲೈಟ್‌ಗಳ ಕೆಳಗೆ ಎದ್ದು ಕಾಣಲೆಂದು ಬಣ್ಣವನ್ನೂ ಬೆಳಕನ್ನೂ ತುದಿಗೆ ಏರಿಸಿರುತ್ತಾರೆ. ಅದನ್ನು ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಚಿತ್ರ ಸ್ವಲ್ಪ ಮಂಕಾಗಿ, ಬೆಚ್ಚಗಿನ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಎರಡು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಕೆಲವು ಟಿ.ವಿ.ಗಳು ‘ಸ್ಟೋರ್ ಮೋಡ್’ನಲ್ಲಿದ್ದು ಸ್ವಲ್ಪ ಹೊತ್ತಿಗೆ ತಾವಾಗಿಯೇ ವಿವಿಡ್‌ಗೆ ಮರಳುತ್ತವೆ. ಅದನ್ನು ‘ಹೋಮ್ ಮೋಡ್’ಗೆ ಹಾಕಿಸಿ. ಹಾಕಲು ಒಪ್ಪದ ಅಂಗಡಿಯಲ್ಲಿ ನಾನು ಯಾರಿಗೂ ಟಿ.ವಿ. ಕೊಡಿಸುವುದಿಲ್ಲ.

ಈಗ ಪೆನ್‌ಡ್ರೈವ್ ಸಿಕ್ಕಿಸಿ. ಮೊದಲು ಮುಖದ ವಿಡಿಯೊ ಹಾಕಿ. ಚರ್ಮ ಚರ್ಮದ ಹಾಗೆ ಕಾಣಬೇಕು. ಮೇಣ ಸವರಿದಂತೆ ನುಣುಪಾಗಿದ್ದರೆ ಆ ಟಿ.ವಿ. ಚಿತ್ರವನ್ನು ಅತಿಯಾಗಿ ತಿದ್ದುತ್ತಿದೆ. ಮದುವೆಯ ವಿಡಿಯೊ ಹಾಕಿ ಇಳಕಲ್ ಸೆರಗಿನ ಕೆಂಪಿನ ನಡುವಿನ ಬಿಳಿ ವಿನ್ಯಾಸ ನೋಡಿ. ಅಂಚುಗಳಲ್ಲಿ ಕೆಂಪು ಹರಡಿ ಬಿಳಿ ಗುಲಾಬಿಯಾಗಿದ್ದರೆ ಬಣ್ಣ ಇನ್ನೂ ಜಾಸ್ತಿಯಿದೆ. ಕಲರ್ ಇಳಿಸಿ ಮತ್ತೆ ನೋಡಿ. ಆಗಲೂ ಸರಿಯಾಗದಿದ್ದರೆ ಮುಂದಿನ ಟಿ.ವಿ.ಗೆ ನಡೆಯಿರಿ.

ಆಮೇಲೆ ರಾತ್ರಿಯ ವಿಡಿಯೊ. ಪರದೆಗೆ ಹತ್ತಿರ ಹೋಗಿ ಎರಡೂ ಅಂಗೈಗಳಿಂದ ಅಂಗಡಿಯ ಬೆಳಕು ಮರೆಮಾಡಿ, ಕಪ್ಪು ಜಾಗವನ್ನು ದಿಟ್ಟಿಸಿ. ಎಲ್‌ಇಡಿ ಟಿ.ವಿ. ಎಂದರೆ ವಾಸ್ತವವಾಗಿ ಎಲ್‌ಸಿಡಿ ಪರದೆಯ ಹಿಂದೆ ಹೊತ್ತಿಸಿದ ಎಲ್‌ಇಡಿ ದೀಪಗಳು. ಆ ಬೆಳಕು ಸೋರಿದರೆ ಕಪ್ಪು ಬೂದಿಯಾಗುತ್ತದೆ, ಮೂಲೆಗಳಲ್ಲಿ ಬಿಳಿ ಮಂಜು ಕಾಣುತ್ತದೆ. ಅಂಥದ್ದರಲ್ಲಿ ರಾತ್ರಿ ದೀಪವಾರಿಸಿ ಬಯಲಾಟದ ವಿಡಿಯೊ ನೋಡಿದರೆ ರಂಗಸ್ಥಳದ ಹಿಂದಿನ ಕತ್ತಲೆಯೆಲ್ಲ ಹೊಗೆಯಂತಿರುತ್ತದೆ. ಎಲ್‌ಸಿಡಿ ಪರದೆಯಲ್ಲೂ (ಪ್ಯಾನೆಲ್) ಬಗೆಗಳಿವೆ. ‘ವಿಎ’ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನ, ಬದಿಯಿಂದ ನೋಡಿದರೆ ಬಣ್ಣ ಮಾಸುತ್ತದೆ. ‘ಐಪಿಎಸ್’ನಲ್ಲಿ ಬದಿಯಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ಅಷ್ಟಕ್ಕಷ್ಟೆ. ಹೆಸರು ನೆನಪಿಡಬೇಕಿಲ್ಲ. ಮಧ್ಯದಿಂದ ನಾಲ್ಕು ಹೆಜ್ಜೆ ಬಲಕ್ಕೆ ಸರಿದು ಅದೇ ಮುಖ ನೋಡಿ. ಹಾಲ್‌ನ ಬದಿಯ ದಿವಾನದ ಮೇಲೆ ಅಜ್ಜಿ ಕೂರುವ ಮನೆಯಾದರೆ ಅಜ್ಜಿಗೆ ಕಾಣುವುದು ಆ ಚಿತ್ರವೇ.

ಇನ್ನು ಮೈದಾನದ ವಿಡಿಯೊ. ಕ್ಯಾಮೆರಾ ಹುಲ್ಲಿನ ಮೇಲೆ ಅಡ್ಡಲಾಗಿ ಸರಿಯುವಾಗ ಹಸಿರಿನಲ್ಲಿ ಕೊಳೆಯಂಥ ಪಟ್ಟೆಗಳು ನಿಂತಲ್ಲೇ ನಿಂತಿದ್ದರೆ ಅದು ಪರದೆಯ ದೋಷ. ಐಪಿಎಲ್ ಪೂರ್ತಿ ಅದನ್ನೇ ನೋಡಬೇಕಾಗುತ್ತದೆ. ಇಂಟರ್‌ನೆಟ್ ಇದ್ದರೆ ಯಾವುದಾದರೂ ಕನ್ನಡ ಸುದ್ದಿ ಚಾನೆಲ್ ಹಾಕಿಸಿ ಕೆಳಗೆ ಓಡುವ ಸಾಲನ್ನು ಓದಿ. ಒತ್ತಕ್ಷರಗಳು ಹಿಂದೆ ನೆರಳು ಎಳೆಯದೆ ಓದಿಸಿಕೊಳ್ಳಬೇಕು. ಕನ್ನಡದ ಒತ್ತಕ್ಷರಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಬೇರೆ ಕಂಡಿಲ್ಲ.

ಕೊನೆಗೆ ಯೂಟ್ಯೂಬ್ ತೆರೆದು ಏನಾದರೂ ಟೈಪ್ ಮಾಡಿ, ಹೋಮ್ ಗುಂಡಿ ಒತ್ತಿ, ಮತ್ತೆ ಒಳಗೆ ಹೋಗಿ. ಒತ್ತಿದ್ದಕ್ಕೂ ಆದದ್ದಕ್ಕೂ ನಡುವೆ ತಡವಾದರೆ ಎರಡು ವರ್ಷದಲ್ಲಿ ಅದು ಸಹಿಸಲಾಗದಷ್ಟು ನಿಧಾನವಾಗುತ್ತದೆ. ರ‍್ಯಾಮ್ 2 ಜಿಬಿಗಿಂತ ಕಡಿಮೆಯಿದ್ದರೆ ಬೇಡವೇ ಬೇಡ.

ಸ್ಟಿಕ್ಕರ್‌ಗಳ ಬಗ್ಗೆ

ಕ್ಯೂಎಲ್‌ಇಡಿ ಎಂದರೆ ಬಣ್ಣ ಹೆಚ್ಚಿಸುವ ಅತಿಸೂಕ್ಷ್ಮ ಕಣಗಳ (ಕ್ವಾಂಟಮ್ ಡಾಟ್) ಪದರವಿರುವ ಎಲ್‌ಸಿಡಿಯೇ. ಬಣ್ಣ ಚೆನ್ನ, ಕಪ್ಪಿಗೆ ಅದರಿಂದ ಲಾಭವಿಲ್ಲ. ಒಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಆರುತ್ತದೆ, ಹಾಗಾಗಿ ಅದರ ಕಪ್ಪಿಗೆ ಸಾಟಿಯಿಲ್ಲ. ಆದರೂ ಬೆಳಗಿನಿಂದ ರಾತ್ರಿವರೆಗೆ ಸುದ್ದಿ ಚಾನೆಲ್ ಹಚ್ಚಿಡುವ ಮನೆಗೆ ನಾನದನ್ನು ಹೇಳುವುದಿಲ್ಲ. ಅಲುಗಾಡದ ಲೋಗೊ ವರ್ಷಗಟ್ಟಲೆ ಒಂದೇ ಕಡೆ ಉರಿದರೆ ಪರದೆಯಲ್ಲಿ ಗುರುತು ಉಳಿಯುವ ಅಪಾಯವಿದೆ. ಅಂಥವರ ಕೈಯಲ್ಲಿ ದುಡ್ಡಿದ್ದರೆ ಮಿನಿ ಎಲ್‌ಇಡಿ (ಹಿಂದಿನ ಪುಟ್ಟ ಪುಟ್ಟ ದೀಪಗಳು ಭಾಗ ಭಾಗವಾಗಿ ಮಂಕಾಗುವ ಎಲ್‌ಸಿಡಿ) ನೋಡಲಿ.

ಎಚ್‌ಡಿಆರ್ (ತೀರಾ ಬೆಳಕು, ತೀರಾ ಕತ್ತಲೆ ಎರಡನ್ನೂ ವಿವರವಾಗಿ ತೋರಿಸುವ ವಿಧಾನ) ಸ್ಟಿಕ್ಕರ್ ಈಗ ಎಲ್ಲದರ ಮೇಲೂ ಇದೆ. ಬೆಳಕಿನ ಶಕ್ತಿಯಿಲ್ಲದ ಅಗ್ಗದ ಪರದೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ‘ಮೋಷನ್ 120’ ಎಂದು ಬರೆದಿದ್ದರೆ ‘ಪ್ಯಾನೆಲ್ಲಿನ ರಿಫ್ರೆಶ್ ರೇಟ್ ಎಷ್ಟು?’ ಎಂದೇ ಕೇಳಿ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂದು. ಹಲವು ಸಲ ಉತ್ತರ 60 ಹರ್ಟ್ಸ್. ಧಾರಾವಾಹಿ, ಸಿನಿಮಾಗೆ ಅದೇ ಸಾಕು. ಗೇಮ್ ಆಡುವ ಮಕ್ಕಳಿದ್ದರೆ ನಿಜವಾದ 120 ಬೇಕಾಗಬಹುದು.

ಹೆಸರು ಕೇಳರಿಯದ ಕಂಪನಿಗಳ ಅರ್ಧ ಬೆಲೆಯ ‘ಸ್ಮಾರ್ಟ್’ ಟಿ.ವಿ.ಗಳಿಂದ ದೂರವಿರಿ. ಕೆಲವದರಲ್ಲಿ ಫೋನಿನ ಆಂಡ್ರಾಯ್ಡನ್ನೇ ತುರುಕಿರುತ್ತಾರೆ. ಪ್ರಮಾಣೀಕರಣವಿಲ್ಲದ ಕಾರಣ ಒಟಿಟಿ ಆ್ಯಪ್‌ಗಳು ತೆರೆಯುವುದಿಲ್ಲ, ತೆರೆದರೂ ಎಚ್‌ಡಿಯಲ್ಲಿ ಓಡುವುದಿಲ್ಲ. ಉಚಿತವೆಂದು ಕೊಡುವ ಸೌಂಡ್‌ಬಾರ್ ಕೂಡ ಬೇಡ. ಅಷ್ಟು ಬೆಲೆ ಇಳಿಸಿಕೊಳ್ಳಿ. ಟಿ.ವಿ.ಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ಎಚ್‌ಡಿಎಂಐ ಇಎಆರ್‌ಸಿ ಕಿಂಡಿ ಇದ್ದರೆ ಮುಂದೆ ಒಳ್ಳೆಯದನ್ನೇ ಜೋಡಿಸಬಹುದು.

ಬಿಲ್ ಮಾಡಿಸುವಾಗ

ಆರಿಸಿದ ಟಿ.ವಿ.ಯ ಹಿಂಬದಿಯ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ, ಕೊನೆಯ ಅಕ್ಷರದವರೆಗೆ. ಒಂದೇ ಹೆಸರಿನಲ್ಲಿ ಬಾಲ ಮಾತ್ರ ಬದಲಾದ ಮಾದರಿಗಳಿರುತ್ತವೆ, ಒಳಗಿನ ಸಾಮಾನು ಬೇರೆಯೇ ಇರಬಹುದು. ಆನ್‌ಲೈನ್ ಬೆಲೆ ಹೋಲಿಸುವಾಗಲೂ ಆ ಬಾಲ ಸರಿಹೊಂದಬೇಕು. ನಿಮ್ಮ ಊರಲ್ಲಿ ಆ ಕಂಪನಿಯ ಸರ್ವಿಸ್ ಹೇಗಿದೆಯೆಂದು ಈಗಾಗಲೇ ಕೊಂಡವರನ್ನೇ ಕೇಳಿ.

ಮನೆಗೆ ಬಂದ ದಿನ

ಟೆಕ್ನೀಷಿಯನ್ ಬರುವವರೆಗೆ ಪೆಟ್ಟಿಗೆ ತೆರೆಯಬೇಡಿ, ಅಡ್ಡ ಮಲಗಿಸಲೂಬೇಡಿ. ತೆರೆಯುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ. ಒಡೆದ ಪರದೆಗೆ ವಾರಂಟಿ ಸಿಗುವುದಿಲ್ಲ, ಹೊಸ ಪರದೆಯ ಬೆಲೆ ಹೆಚ್ಚುಕಡಿಮೆ ಹೊಸ ಟಿ.ವಿ.ಯಷ್ಟೇ ಆಗುತ್ತದೆ. ಗೋಡೆಗೆ ಹಾಕಿಸುವವರು ಮೊಳೆ ಹೊಡೆಯುವ ಮೊದಲು ಸೋಫಾದಲ್ಲಿ ಕೂತು ನೋಡಿ: ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬರಬೇಕು. ದೇವರ ಫೋಟೊದ ಹಾಗೆ ಎತ್ತರಕ್ಕೆ ಹಾಕಿಸಿ ಕತ್ತು ನೋಯಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಟೆಕ್ನೀಷಿಯನ್ ಹೊರಡುವ ಮೊದಲು ಪಿಕ್ಚರ್ ಮೋಡನ್ನು ಸಿನಿಮಾಗೆ ಹಾಕಿಸಿ, ಮೋಷನ್ ಸ್ಮೂದಿಂಗ್ (ಚಲನೆ ನುಣುಪಾಗಿಸಲು ಟಿ.ವಿ.ಯೇ ನಡುವೆ ಚಿತ್ರ ಸೇರಿಸುವುದು) ತೆಗೆಸಿಬಿಡಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಅಷ್ಟೇ ಸಾಲದು. ಮಾಡಿನ ಮೇಲಿನ ಡಿಶ್ಶಿನಿಂದ ಬರುವ ಕೇಬಲ್ಲನ್ನೂ ಇಂಟರ್‌ನೆಟ್ಟಿನ ವೈರನ್ನೂ ಬಿಚ್ಚಿಡಿ. ಸಿಡಿಲಿನ ವಿದ್ಯುತ್ ಆ ದಾರಿಯಲ್ಲೂ ಬಂದು ಎಚ್‌ಡಿಎಂಐ ಕಿಂಡಿಯಿಂದ ಟಿ.ವಿ.ಯ ಬೋರ್ಡ್ ಸುಡುತ್ತದೆ.