ರದ್ದಾದ ವಿಮಾನದ ಹಣ ಮರಳಿ ಪಡೆದ ಬಗೆ: ನನ್ನ ಅನುಭವ

2024ರ ಫೆಬ್ರವರಿ ಮೊದಲ ವಾರದಲ್ಲಿ ನಾನು, ನನ್ನ ಅಣ್ಣ ಮತ್ತು ಎಪ್ಪತ್ತನಾಲ್ಕು ವರ್ಷದ ನಮ್ಮ ತಾಯಿ ಕಾಶಿಯಾತ್ರೆ ಮುಗಿಸಿ ಬೆಂಗಳೂರಿಗೆ ಹಿಂದಿರುಗಲು ಬಾಬತ್‌ಪುರದಲ್ಲಿರುವ ವಾರಾಣಸಿ ವಿಮಾನ ನಿಲ್ದಾಣವನ್ನು ಸಂಜೆ ಐದು ಗಂಟೆಗೆ ತಲುಪಿದೆವು. ನಮ್ಮ ವಿಮಾನ ಹೊರಡಬೇಕಾದದ್ದು 7.20ಕ್ಕೆ. ಬ್ಯಾಗುಗಳನ್ನು ಒಪ್ಪಿಸಿ, ಭದ್ರತಾ ತಪಾಸಣೆ ಮುಗಿಸಿ, ಅಮ್ಮನ ಗಾಲಿಕುರ್ಚಿಯನ್ನು ಗೇಟಿನ ಬಳಿ ನಿಲ್ಲಿಸಿಕೊಂಡು ಕುಳಿತೆವು. ಫಲಕದಲ್ಲಿ ಸಮಯ ಮೊದಲು 8.10 ಎಂದು ಬದಲಾಯಿತು, ಆಮೇಲೆ 9 ಗಂಟೆ ಎಂದಾಯಿತು, 9.05ಕ್ಕೆ ವಿಮಾನ ರದ್ದಾಗಿದೆ ಎಂಬ ಸೂಚನೆ ಬಂತು. ಕೌಂಟರಿನಲ್ಲಿದ್ದ ಸಿಬ್ಬಂದಿ ಹವಾಮಾನ ಸರಿಯಿಲ್ಲವೆಂದರು. ಅದೇ ಹೊತ್ತಿಗೆ ನನ್ನ ಮೊಬೈಲಿಗೆ ಬಂದ ಎಸ್‌ಎಂಎಸ್‌ನಲ್ಲಿ ‘ಕಾರ್ಯಾಚರಣೆಯ ಕಾರಣಗಳಿಂದ’ ಎಂದಿತ್ತು. ಮುಂದಿನ ಎಂಟು ತಿಂಗಳು ನಾನು ನಡೆಸಿದ ಪತ್ರವ್ಯವಹಾರವೆಲ್ಲ ಈ ಎರಡು ಮಾತುಗಳ ನಡುವಿನ ವ್ಯತ್ಯಾಸದ ಮೇಲೆಯೇ ನಿಂತಿತ್ತು.

ವ್ಯತ್ಯಾಸ ಏಕೆ ಮುಖ್ಯವೆಂದರೆ, ನಮ್ಮ ದೇಶದಲ್ಲಿ ವಿಮಾನ ರದ್ದಾದಾಗ ಪ್ರಯಾಣಿಕರಿಗೆ ಏನೇನು ಸಲ್ಲಬೇಕೆಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತನ್ನ ನಿಯಮಾವಳಿಯ ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4ರಲ್ಲಿ ನಿಗದಿಪಡಿಸಿದೆ. 2010ರಲ್ಲಿ ಮೊದಲು ಜಾರಿಗೆ ಬಂದ ಈ ನಿಯಮ ಆಗಾಗ ತಿದ್ದುಪಡಿಯಾಗುತ್ತ ಬಂದಿದೆ. ಆದ್ದರಿಂದ ದೂರು ಬರೆಯುವವರು ಡಿಜಿಸಿಎ ಜಾಲತಾಣದಲ್ಲಿರುವ ಇತ್ತೀಚಿನ ಪ್ರತಿಯನ್ನೇ ತೆರೆದು ಓದಬೇಕು. ಹವಾಮಾನ, ನೈಸರ್ಗಿಕ ವಿಕೋಪ, ಮುಷ್ಕರ, ಭದ್ರತಾ ಅಪಾಯ, ವಾಯು ಸಂಚಾರ ನಿಯಂತ್ರಣದ ವಿಳಂಬ ಮೊದಲಾದ, ವಿಮಾನ ಸಂಸ್ಥೆಯ ಹತೋಟಿಗೆ ಮೀರಿದ ಕಾರಣಗಳಿದ್ದರೆ ಅದು ಪರಿಹಾರ ಕೊಡಬೇಕಾಗಿಲ್ಲ. ವಿಮಾನವೇ ಲಭ್ಯವಿರಲಿಲ್ಲ ಅಥವಾ ಸಿಬ್ಬಂದಿ ಹೊಂದಿಕೆಯಾಗಲಿಲ್ಲ ಎಂಬಂಥವು ಈ ಪಟ್ಟಿಯಲ್ಲಿ ಹೆಸರಿಸಿದ ಕಾರಣಗಳಲ್ಲ. ಹಾಗಾಗಿ ಕೌಂಟರಿನಲ್ಲಿ ‘ಹವಾಮಾನ’ ಎಂಬ ಒಂದು ಪದವನ್ನು ನಾವು ಪ್ರಶ್ನಿಸದೆ ಕೇಳಿಸಿಕೊಂಡು ಬಂದರೆ ನಮ್ಮ ಹಕ್ಕಿನ ಬಹುಭಾಗ ಅಲ್ಲಿಯೇ ಉಳಿದುಬಿಡುತ್ತದೆ.

ಕರ್ತವ್ಯದಲ್ಲಿದ್ದ ವ್ಯವಸ್ಥಾಪಕರನ್ನು ನಾನು ರದ್ದತಿಯ ಕಾರಣವನ್ನು ಬರಹದಲ್ಲಿ ಕೊಡುವಂತೆ ಕೇಳಿದೆ. ಅಂಥ ಪತ್ರ ಕೊಡುವ ಅಧಿಕಾರ ತಮಗಿಲ್ಲವೆಂದು ಅವರು ಹೇಳಿದರು. ಅವರೊಡನೆ ವಾದಿಸುವುದನ್ನು ಬಿಟ್ಟು, ಅಲ್ಲಿಯೇ ನಿಂತು 9.40ಕ್ಕೆ ಸಂಸ್ಥೆಯ ಗ್ರಾಹಕ ಸೇವಾ ವಿಳಾಸಕ್ಕೆ ಇಮೇಲ್ ಕಳುಹಿಸಿದೆ. ಅದರಲ್ಲಿ ಇದ್ದದ್ದು ನಾಲ್ಕೇ ವಾಕ್ಯ: ನಮ್ಮ ಪಿಎನ್‌ಆರ್ ಮತ್ತು ವಿಮಾನ ಸಂಖ್ಯೆ, ಕೌಂಟರಿನಲ್ಲಿ ಹವಾಮಾನವೆಂದೂ ಎಸ್‌ಎಂಎಸ್‌ನಲ್ಲಿ ಕಾರ್ಯಾಚರಣೆಯೆಂದೂ ತಿಳಿಸಿರುವುದು, ಇವೆರಡರಲ್ಲಿ ಯಾವುದು ನಿಜವೆಂದು ಲಿಖಿತವಾಗಿ ತಿಳಿಸಬೇಕೆಂಬ ಕೋರಿಕೆ, ಗಾಲಿಕುರ್ಚಿಯಲ್ಲಿರುವ ಹಿರಿಯರೊಬ್ಬರು ನಮ್ಮೊಂದಿಗಿದ್ದು, ಈ ಹೊತ್ತಿನವರೆಗೆ ಊಟವನ್ನಾಗಲೀ ತಂಗಲು ಸ್ಥಳವನ್ನಾಗಲೀ ಒದಗಿಸಿಲ್ಲವೆಂಬ ಸಂಗತಿ. ಎರಡು ದಿನಗಳ ನಂತರ ಬಂದ ಉತ್ತರದಲ್ಲಿ ಕ್ಷಮೆಯಾಚನೆಯ ಜೊತೆಗೆ ‘ಕಾರ್ಯಾಚರಣೆಯ ಕಾರಣಗಳು’ ಎಂದೇ ಬರೆದಿತ್ತು. ಮುಂದೆ ಅವರ ವಕೀಲರು ಹವಾಮಾನದ ಮಾತೆತ್ತಿದಾಗ ನನಗೆ ಆಧಾರವಾದದ್ದು ಈ ಒಂದು ಉತ್ತರ.

ಅದೇ ಎಸ್‌ಎಂಎಸ್‌ನಲ್ಲಿ ಒಂದು ಲಿಂಕ್ ಇತ್ತು. ಎರಡು ದಿನಗಳ ನಂತರದ ವಿಮಾನದಲ್ಲಿ ನಮಗೆ ಆಸನ ಕಾಯ್ದಿರಿಸಿದ್ದು, ಒಪ್ಪಿಗೆಯಿದ್ದರೆ ಆ ಗುಂಡಿಯನ್ನು ಒತ್ತಬೇಕೆಂದು ಅದು ಹೇಳುತ್ತಿತ್ತು. ಸುತ್ತಲಿದ್ದ ಹಲವರು ಆತಂಕದಲ್ಲಿ ಒತ್ತಿಬಿಟ್ಟರು. ನಿಯಮದ ಪ್ರಕಾರ ಮುಂಚಿತವಾಗಿ ತಿಳಿಸದೆ ವಿಮಾನ ರದ್ದುಪಡಿಸಿದಾಗ ಸಂಸ್ಥೆ ಪ್ರಯಾಣಿಕರಿಗೆ ಒಪ್ಪಿಗೆಯಾಗುವಂಥ ಬದಲಿ ವಿಮಾನವನ್ನು ಕೊಡಬೇಕು, ಇಲ್ಲವೇ ಟಿಕೆಟಿನ ಪೂರ್ಣ ಹಣವನ್ನೂ ಅದರ ಜೊತೆಗೆ ಪರಿಹಾರವನ್ನೂ ಕೊಡಬೇಕು. ಬದಲಿ ವಿಮಾನವನ್ನು ಒಮ್ಮೆ ಒಪ್ಪಿಕೊಂಡವರಿಗೆ ಪರಿಹಾರ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಮರುದಿನ ಬೆಳಗಿನ ವಿಮಾನ ಸಿಗುವಂತಿದ್ದರೆ ನಾನೂ ಸಂತೋಷದಿಂದ ಒಪ್ಪುತ್ತಿದ್ದೆ. ಆದರೆ ಅಮ್ಮನ ಔಷಧಿ ಮುಗಿಯುತ್ತ ಬಂದಿತ್ತು. ಎರಡು ದಿನ ಕಾಯುವುದು ಸಾಧ್ಯವಿರಲಿಲ್ಲ. ಉಳಿದಿದ್ದ ಮಾತ್ರೆಗಳೂ ಒಪ್ಪಿಸಿದ ಬ್ಯಾಗಿನಲ್ಲಿ, ಗಂಗಾಜಲದ ತಾಮ್ರದ ಗಿಂಡಿಯ ಪಕ್ಕದಲ್ಲಿದ್ದವು. ಆ ಬ್ಯಾಗು ನಮ್ಮ ಕೈಗೆ ಮರಳಿದ್ದು ರಾತ್ರಿ 10.30ಕ್ಕೆ. ಔಷಧಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕೆಂದು ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತೇನೆ.

ನಾವು ಹೊರಗೆ ಹೋಟೆಲಿನಲ್ಲಿ ಉಳಿದು, ಮರುದಿನ ಬೇರೊಂದು ಸಂಸ್ಥೆಯ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಶಿವಮೊಗ್ಗ ಸೇರಿದೆವು. ಹೋಟೆಲ್, ಟ್ಯಾಕ್ಸಿ, ಊಟ ಎಲ್ಲದಕ್ಕೂ ಹೆಸರು ಮತ್ತು ದಿನಾಂಕವಿರುವ ರಸೀದಿ ಪಡೆದೆ. ಟ್ಯಾಕ್ಸಿಯವರಿಗೆ ಯುಪಿಐ ಮೂಲಕವೇ ಹಣ ಕೊಟ್ಟೆ.

ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅಂದಿನ ಹವಾಮಾನದ ದಾಖಲೆ ಹುಡುಕಿದ್ದು. ಪ್ರತಿ ವಿಮಾನ ನಿಲ್ದಾಣದ ಹವಾಮಾನ ಕಚೇರಿ ಮೆಟಾರ್ ಎಂಬ ಸಂಕೇತರೂಪದ ವರದಿಯನ್ನು ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಪ್ರಕಟಿಸುತ್ತದೆ, ಹಳೆಯ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ವಾರಾಣಸಿಯ ಸಂಕೇತ ವಿಇಬಿಎನ್. ವರದಿಯಲ್ಲಿರುವ ಸಮಯ ಭಾರತದ್ದಲ್ಲವೆಂಬುದನ್ನು ಮರೆಯಬಾರದು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುತ್ತದೆ, ಅಂದರೆ 1330 ಎಂದಿದ್ದರೆ ನಮಗೆ ಸಂಜೆ ಏಳು ಗಂಟೆ. ಅಂದು ಸಂಜೆಯಿಡೀ ಗೋಚರತೆ 2,500 ಮೀಟರಿಗಿಂತ ಕೆಳಗೆ ಇಳಿದಿರಲಿಲ್ಲ, ಮಂಜಿನ ಸಂಕೇತ ಒಂದು ವರದಿಯಲ್ಲಿಯೂ ಇರಲಿಲ್ಲ. ವಿಮಾನಗಳ ಚಲನೆಯನ್ನು ತೋರಿಸುವ ಜಾಲತಾಣದಲ್ಲಿ ಅಂದು ಏಳರಿಂದ ಒಂಬತ್ತರ ನಡುವೆ ಬೇರೆ ವಿಮಾನಗಳು ಅಲ್ಲಿಗೆ ಬಂದಿಳಿದದ್ದೂ ಅಲ್ಲಿಂದ ಹೊರಟದ್ದೂ ಕಾಣಿಸಿತು. ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ನೋಯಿಸಿತು. ನಮ್ಮನ್ನು ಕರೆದೊಯ್ಯಲು ಬೆಂಗಳೂರಿನಿಂದ ಸಂಜೆ ನಾಲ್ಕರ ಸುಮಾರಿಗೆ ಹೊರಡಬೇಕಿದ್ದ ವಿಮಾನ ಹೊರಟೇ ಇರಲಿಲ್ಲ. ನಾವು ಐದು ಗಂಟೆಗೆ ಬ್ಯಾಗು ಒಪ್ಪಿಸುವಾಗಲೇ ಸಂಸ್ಥೆಗೆ ಇದು ಗೊತ್ತಿತ್ತು, ಆದರೂ ಫಲಕದಲ್ಲಿ ಸಮಯವನ್ನು ಮುಂದೂಡುತ್ತ ನಾಲ್ಕು ಗಂಟೆ ಕಾಲ ವೃದ್ಧೆಯೊಬ್ಬರನ್ನು ಕೂರಿಸಿತ್ತು. ಈ ಎಲ್ಲ ಪುಟಗಳ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವಂತೆ ತೆಗೆದಿಟ್ಟೆ.

ಇನ್ನು ಲೆಕ್ಕ. ವಿಮಾನ ರದ್ದಾದರೆ ಹತ್ತು ಸಾವಿರ ರೂಪಾಯಿ ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ನಿಯಮದಲ್ಲಿರುವುದು ಬೇರೆ. ಹಾರಾಟದ ನಿಗದಿತ ಅವಧಿ ಒಂದು ಗಂಟೆಯವರೆಗೆ ಇದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಾದರೆ 7,500, ಎರಡು ಗಂಟೆ ಮೀರಿದರೆ 10,000. ಆದರೆ ಈ ಮೊತ್ತ ಅಥವಾ ಒಂದು ಬದಿಯ ಮೂಲದರ ಮತ್ತು ಇಂಧನ ಶುಲ್ಕದ ಒಟ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ ಸಲ್ಲುತ್ತದೆ. ನಮ್ಮ ಟಿಕೆಟಿನ ಬೆಲೆ ತಲಾ 6,842 ರೂಪಾಯಿ, ಅದರಲ್ಲಿ ಮೂಲದರ ಮತ್ತು ಇಂಧನ ಶುಲ್ಕ ಸೇರಿ 5,610. ಹಾರಾಟ ಎರಡು ಗಂಟೆಗಿಂತ ಹೆಚ್ಚಿನದಾದರೂ ನಮಗೆ ಸಲ್ಲುವುದು ತಲಾ 5,610ರಂತೆ ಮೂವರಿಗೆ 16,830. ಹತ್ತು ಸಾವಿರ ಬೇಕೆಂದು ಬರೆದಿದ್ದರೆ, ನಿಯಮ ಓದದೆ ಬರೆದ ದೂರೆಂದು ಅದನ್ನು ಪಕ್ಕಕ್ಕಿಡುವುದು ಅವರಿಗೆ ಸುಲಭವಾಗುತ್ತಿತ್ತು.

ಹೋಟೆಲ್, ಟ್ಯಾಕ್ಸಿ ಮತ್ತು ಊಟಕ್ಕೆ 5,460 ಖರ್ಚಾಗಿತ್ತು. ಮರುದಿನದ ಟಿಕೆಟುಗಳಿಗೆ 34,425 ಕೊಟ್ಟಿದ್ದೆವು. ಹಳೆಯ ಟಿಕೆಟುಗಳ 20,526 ಕಳೆದರೆ ಹೆಚ್ಚುವರಿ ಹೊರೆ 13,899. ಇದರ ಮೇಲೆ ಇನ್ನೊಂದು ಕಿರಿಕಿರಿ ಸೇರಿಕೊಂಡಿತು. ನಾವು ಟಿಕೆಟ್ ಖರೀದಿಸಿದ್ದು ಒಂದು ಬುಕಿಂಗ್ ಪೋರ್ಟಲ್ ಮೂಲಕ; ರೀಫಂಡ್ ಮಾಡುವಾಗ ಅದು ತಲಾ 700 ರೂಪಾಯಿ ಕಡಿತ ಮಾಡಿ 18,426 ಮಾತ್ರ ಕಳುಹಿಸಿತು. ಸಂಸ್ಥೆಯನ್ನು ಕೇಳಿದರೆ ಪೋರ್ಟಲ್ ಕಡೆ ಕೈ ತೋರಿಸಿತು, ಪೋರ್ಟಲ್ ಸಂಸ್ಥೆಯ ಕಡೆ ತೋರಿಸಿತು. ರೀಫಂಡಿನ ನಿಯಮ ಅದೇ ಸೀರೀಸಿನ ಪಾರ್ಟ್ 2ರಲ್ಲಿದೆ. ಏಜೆಂಟರು ಮತ್ತು ಪೋರ್ಟಲ್‌ಗಳು ವಿಮಾನ ಸಂಸ್ಥೆ ನೇಮಿಸಿದ ಪ್ರತಿನಿಧಿಗಳಾದ್ದರಿಂದ ಹಣ ಹಿಂದಿರುಗಿಸುವ ಹೊಣೆ ಸಂಸ್ಥೆಯದ್ದೇ ಎಂದು ಅಲ್ಲಿ ಸ್ಪಷ್ಟವಾಗಿದೆ. ಮರಳಿಸಬೇಕಾದ ಹಣವನ್ನು ಮುಂದಿನ ಪ್ರಯಾಣಕ್ಕೆಂದು ಕ್ರೆಡಿಟ್ ಶೆಲ್‌ನಲ್ಲಿ ಇಡುವುದು ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದೆಂದೂ ಅದೇ ನಿಯಮ ಹೇಳುತ್ತದೆ.

ದೂರಿನ ಪತ್ರವನ್ನು ನಾನು ಮೂರು ಬಾರಿ ಬರೆದೆ. ಮೊದಲನೆಯದು ನಾಲ್ಕು ಪುಟವಿತ್ತು. ಅದರಲ್ಲಿ ನನ್ನ ಸಿಟ್ಟು ಇತ್ತು, ಅಮ್ಮನ ಆಯಾಸದ ವರ್ಣನೆಯಿತ್ತು, ಕೌಂಟರಿನವರ ಉಡಾಫೆಯ ವಿವರವಿತ್ತು. ಎಲ್ಲವೂ ನಿಜವೇ, ಆದರೆ ಓದುವ ಅಧಿಕಾರಿ ಕೊಡಬೇಕಾದ ಮೊತ್ತ ಯಾವುದೆಂಬುದು ಎಲ್ಲೋ ಮೂರನೆಯ ಪುಟದಲ್ಲಿ ಅಡಗಿತ್ತು. ಕೊನೆಗೆ ಕಳುಹಿಸಿದ್ದು ಒಂದೇ ಪುಟ: ಘಟನೆಯ ಸಮಯಾನುಕ್ರಮ, ಅವರೇ ಬರಹದಲ್ಲಿ ಕೊಟ್ಟ ಕಾರಣ, ನಿಯಮದ ಉಲ್ಲೇಖ, ಬಾಬ್ತುವಾರು ಲೆಕ್ಕ, ಒಟ್ಟು 38,289 ರೂಪಾಯಿ, ಮೂವತ್ತು ದಿನಗಳ ಗಡುವು. ರಸೀದಿಗಳಿಗೆ ಕ್ರಮಸಂಖ್ಯೆ ಕೊಟ್ಟು ಒಂದೇ ಪಿಡಿಎಫ್ ಮಾಡಿದೆ.

ಗ್ರಾಹಕ ಸೇವೆಯಿಂದ ಬಂದದ್ದು 3,000 ರೂಪಾಯಿಯ ವೋಚರಿನ ಪ್ರಸ್ತಾಪ. ಅದನ್ನು ಸ್ವೀಕರಿಸುತ್ತಿಲ್ಲವೆಂದು ಅಂದೇ ಉತ್ತರಿಸಿದೆ, ಏಕೆಂದರೆ ಮೌನವಾಗಿದ್ದರೆ ದೂರು ಇತ್ಯರ್ಥವಾಯಿತೆಂದು ದಾಖಲಾಗುವ ಸಂಭವವಿತ್ತು. ಪ್ರತಿ ಸಂಸ್ಥೆಯೂ ತನ್ನ ಜಾಲತಾಣದಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ ಮತ್ತು ಮೇಲ್ಮನವಿ ಪ್ರಾಧಿಕಾರದ ವಿವರ ಪ್ರಕಟಿಸಿರುತ್ತದೆ. ಮೊದಲು ನೋಡಲ್ ಅಧಿಕಾರಿಗೆ, ಉತ್ತರ ತೃಪ್ತಿಕರವಾಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಎಂಬ ಕ್ರಮದಲ್ಲಿ, ಹಿಂದಿನ ದೂರಿನ ಸಂಖ್ಯೆಯನ್ನು ನಮೂದಿಸಿ ಬರೆದೆ. ಇಬ್ಬರಿಂದಲೂ ಬಂದದ್ದು ಹೆಚ್ಚು ಕಡಿಮೆ ಒಂದೇ ಉತ್ತರ.

ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ಆರಂಭಿಸಿದ, ವಿಮಾನ ಪ್ರಯಾಣಿಕರ ದೂರುಗಳ ಜಾಲತಾಣವಾದ ಏರ್‌ಸೇವಾದಲ್ಲಿಯೂ ದೂರು ಸಲ್ಲಿಸಿದೆ. ಇದರ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ನನ್ನ ದೂರನ್ನು ಅಲ್ಲಿ ಸಂಸ್ಥೆಗೆ ರವಾನಿಸಿ, ಅವರು ಕೊಟ್ಟ ಉತ್ತರವನ್ನು ಲಗತ್ತಿಸಿ ಮುಕ್ತಾಯಗೊಳಿಸಿದರು. ಆದರೂ ಅದು ವ್ಯರ್ಥವಾಗಲಿಲ್ಲ. ಪೋರ್ಟಲ್ ಕಡಿತ ಮಾಡಿದ್ದ 2,100 ರೂಪಾಯಿ ತನಗೆ ಬಂದೇ ಇಲ್ಲವೆಂದು ಸಂಸ್ಥೆ ಬರಹದಲ್ಲಿ ಒಪ್ಪಿಕೊಂಡದ್ದು ಆ ಉತ್ತರದಲ್ಲಿಯೇ.

ಗಡುವು ಮುಗಿದ ನಂತರ ಒಂದು ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಮೇ ತಿಂಗಳಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದೆ. ಸಂಸ್ಥೆಯ ಕಚೇರಿ ಬೇರೆ ರಾಜ್ಯದಲ್ಲಿದೆ, ಘಟನೆ ನಡೆದದ್ದು ಉತ್ತರ ಪ್ರದೇಶದಲ್ಲಿ, ಇಲ್ಲಿ ದೂರು ನಡೆಯುವುದೇ ಎಂದು ಅಣ್ಣ ಅನುಮಾನಿಸಿದ್ದ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೂ ದೂರು ಕೊಡಬಹುದು. ಪಾವತಿಸಿದ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಿದರೆ ಸಾಕು. ನಾನು ಆಗಿನ ಆನ್‌ಲೈನ್ ದೂರು ವ್ಯವಸ್ಥೆಯಾದ ಇ-ದಾಖಿಲ್ ಮೂಲಕ ಸಲ್ಲಿಸಿದೆ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಹೊಸ ವ್ಯವಸ್ಥೆ ಬಂದಿದೆ. ದೂರು, ಅಫಿಡವಿಟ್, ದಾಖಲೆಗಳ ಸೂಚಿ, ಹಿಂದಿನ ಪತ್ರವ್ಯವಹಾರ ಇಷ್ಟೇ ಬೇಕಾದದ್ದು. ಸಂಸ್ಥೆಯೊಡನೆ ಪೋರ್ಟಲನ್ನೂ ಎದುರುದಾರರನ್ನಾಗಿ ಸೇರಿಸಿದೆ, ಹೊಣೆಯನ್ನು ಒಬ್ಬರಿನ್ನೊಬ್ಬರ ಮೇಲೆ ಹಾಕಲು ಅವಕಾಶವಾಗದಿರಲೆಂದು.

ವಿಮಾನ ಸಂಸ್ಥೆಯ ವಕೀಲರು ಸಲ್ಲಿಸಿದ ಆಕ್ಷೇಪಣೆಯಲ್ಲಿ ಹವಾಮಾನದ ಕಾರಣವನ್ನು ಮತ್ತೆ ಮುಂದಿಟ್ಟರು. ನಾನು ಅವರದೇ ಇಮೇಲನ್ನು, ಮೆಟಾರ್ ಪ್ರತಿಗಳನ್ನು, ಇತರ ವಿಮಾನಗಳ ಸಮಯವನ್ನು ಹಾಜರುಪಡಿಸಿದೆ. ಒಂದು ವೇಳೆ ಹವಾಮಾನವೇ ಕಾರಣವೆಂದು ಒಪ್ಪಿದರೂ ಊಟ ಮತ್ತು ತಂಗುವ ವ್ಯವಸ್ಥೆಯ ಹೊಣೆ ತಪ್ಪುವುದಿಲ್ಲವೆಂದು ವಾದಿಸಿದೆ. 2011ರಲ್ಲಿ ಸುಪ್ರೀಂ ಕೋರ್ಟ್, ಮಂಜಿನಿಂದ ತಡವಾದ ವಿಮಾನವೊಂದರ ಪ್ರಕರಣದಲ್ಲಿ, ವಿಳಂಬಕ್ಕೆ ಪರಿಹಾರ ಕೊಡುವುದು ಬೇರೆ, ಕಾಯುತ್ತಿರುವ ಪ್ರಯಾಣಿಕರಿಗೆ ಕನಿಷ್ಠ ಅನುಕೂಲ ಒದಗಿಸುವುದು ಬೇರೆ ಎಂಬ ಭೇದವನ್ನು ಸ್ಪಷ್ಟಪಡಿಸಿತ್ತು, ಅದನ್ನು ಉಲ್ಲೇಖಿಸಿದೆ.

ಮುಂದಿನ ದಿನಾಂಕಕ್ಕೆ ಮೊದಲೇ ಸಂಸ್ಥೆಯ ಕಡೆಯಿಂದ ರಾಜಿಯ ಮಾತು ಬಂತು. ಪರಿಹಾರದ 16,830, ಖರ್ಚಿನ 5,460 ಮತ್ತು ಕಡಿತವಾದ 2,100 ಇವುಗಳಲ್ಲಿ ಒಂದು ರೂಪಾಯಿಯನ್ನೂ ಬಿಡುವುದಿಲ್ಲವೆಂದೆ, ಏಕೆಂದರೆ ಅವು ನಿಯಮದಿಂದ ಸಲ್ಲಬೇಕಾದವು ಮತ್ತು ರಸೀದಿಯಿರುವವು. ಹೊಸ ಟಿಕೆಟಿನ ಹೆಚ್ಚುವರಿ ಹಣದ ವಿಷಯದಲ್ಲಿ ನಿಯಮ ನನ್ನ ಪರವಾಗಿ ಅಷ್ಟು ಖಚಿತವಾಗಿ ಮಾತನಾಡುವುದಿಲ್ಲವೆಂದು ನನಗೆ ತಿಳಿದಿತ್ತು. ಅಲ್ಲಿ 13,899ರ ಬದಲು 7,000ಕ್ಕೆ ಒಪ್ಪಿದೆ. ಮಾನಸಿಕ ಯಾತನೆಗೆಂದು ಕೇಳಿದ್ದ ಮೊತ್ತವನ್ನು ಕೈಬಿಟ್ಟೆ. ಒಪ್ಪಂದವನ್ನು ಜಂಟಿ ಮೆಮೋ ರೂಪದಲ್ಲಿ ಆಯೋಗದ ಮುಂದೆ ಸಲ್ಲಿಸಿದ ಮೇಲೆಯೇ ದೂರು ಮುಕ್ತಾಯವಾಗಬೇಕೆಂಬುದು ನನ್ನ ಷರತ್ತಾಗಿತ್ತು. ಫೋನಿನಲ್ಲಿ ಕೊಟ್ಟ ಭರವಸೆ ನಂಬಿ ದೂರನ್ನು ಹಿಂತೆಗೆದುಕೊಂಡರೆ ಮತ್ತೆ ಹೋಗಲು ದಾರಿಯಿರುವುದಿಲ್ಲ. ಅಕ್ಟೋಬರಿನಲ್ಲಿ 31,390 ರೂಪಾಯಿ ನನ್ನ ಬ್ಯಾಂಕ್ ಖಾತೆಗೆ ಜಮಾ ಆಯಿತು, ಜಮಾ ಆದ ಬಗ್ಗೆ ಆಯೋಗಕ್ಕೆ ಪತ್ರ ಬರೆದು ಕಡತವನ್ನು ಮುಚ್ಚಿಸಿದೆ.